ಬಯೋಟಿನ್ 10,000: ಲ್ಯಾಬಿನಲ್ಲಿ ಕೆಲಸ ಮಾಡುವವಳ ರಿವ್ಯೂ

ಬಾಣಂತನಕ್ಕೆ ಬಂದಿರುವ ನಮ್ಮ ನಾದಿನಿ ಆನ್‌ಲೈನ್‌ನಲ್ಲಿ ತರಿಸಿಕೊಂಡ ಡಬ್ಬಿ ಇದು. 60 ಮಾತ್ರೆ, ಬೆಲೆ ಆರುನೂರರ ಆಸುಪಾಸು. ಕಂಪನಿ ಹೆಸರು ಬೇಡ ಬಿಡಿ, ಈ ಥರದ ಡಬ್ಬಿಗಳೆಲ್ಲ ಹೆಚ್ಚುಕಮ್ಮಿ ಒಂದೇ. ಮುಂದೆ ಉದ್ದ ಜಡೆಯ ಹುಡುಗಿ, ದಟ್ಟ ಕೂದಲಿನ ಭರವಸೆ. ಹಿಂದೆ ತಿರುಗಿಸಿದರೆ, ಕಣ್ಣು ಕಿರಿದು ಮಾಡಿ ಓದಬೇಕಾದ ಅಕ್ಷರದಲ್ಲಿ, 'ಔಷಧಿಯಾಗಿ ಬಳಸಲು ಅಲ್ಲ'.

ಒಂದು ಮಾತ್ರೆಯಲ್ಲಿ 10,000 ಮೈಕ್ರೋಗ್ರಾಂ ಬಯೋಟಿನ್, ಅಂದರೆ ಒಂದು ಬಿ ವಿಟಮಿನ್. ಅಮೆರಿಕದ ಲೆಕ್ಕದಲ್ಲಿ ದೊಡ್ಡವರಿಗೆ ದಿನಕ್ಕೆ 30 ಸಾಕು, ಹಾಲೂಡಿಸುವ ತಾಯಿಗೆ 35. ಬೇಯಿಸಿದ ಒಂದು ಮೊಟ್ಟೆಯಲ್ಲೇ ಸುಮಾರು 10 ಇರುತ್ತದೆ. ಕಡಲೆಬೀಜದಲ್ಲೂ ಇದೆ. ಜಾಸ್ತಿಯಾದದ್ದು ಮೂತ್ರದಲ್ಲಿ ಹೋಗುತ್ತದೆ.

ಕೂದಲಿಗೆ ಕೆಲಸ ಮಾಡುತ್ತಾ? ಬಯೋಟಿನ್ ಕೊರತೆ ಇದ್ದವರಿಗೆ ಮಾಡುತ್ತದೆ. ಆದರೆ ಆ ಕೊರತೆಯೇ ಅಪರೂಪ. 2017ರಲ್ಲಿ ವೈದ್ಯರು ಹಳೆಯ ವರದಿಗಳನ್ನೆಲ್ಲ ಜಾಲಾಡಿದಾಗ ಕೂದಲು, ಉಗುರು ಸುಧಾರಿಸಿದ 18 ಪ್ರಕರಣ ಸಿಕ್ಕವು. ಅಷ್ಟೂ ಜನರಿಗೆ ಒಳಗೆ ಬೇರೆ ಏನೋ ಕಾಯಿಲೆ ಇತ್ತು. ಆರೋಗ್ಯವಾಗಿರುವವರಿಗೆ ಇದರಿಂದ ಕೂದಲು ಬರುತ್ತದೆ ಅನ್ನಲು ಗಟ್ಟಿ ಪುರಾವೆ ಇಲ್ಲ.

"ಅತ್ತಿಗೆ, ನೋಡಿ, ಉದುರೋದು ನಿಂತಿದೆ" ಅಂತ ನಾದಿನಿ ಬಾಚಣಿಗೆ ತೋರಿಸಿದಳು. ನಿಂತಿರುವುದು ನಿಜ. ಹಣೆಯಂಚಿನಲ್ಲಿ ಪುಟ್ಟ ಕೂದಲೂ ನಿಗುರಿ ನಿಂತಿವೆ. ಆದರೆ ಮಗು ಮುಖ ನೋಡಿ ನಗಲು ಶುರು ಮಾಡಿದರೆ ತಾಯಿ ಕೂದಲು ಉದುರುತ್ತದೆ ಅಂತ ನಮ್ಮತ್ತೆ ಮೊದಲೇ ಹೇಳಿದ್ದರು. ನಗುವಿಗೂ ಕೂದಲಿಗೂ ಸಂಬಂಧವಿಲ್ಲ, ಕಾಲ ಮಾತ್ರ ಸರಿಯಾಗಿದೆ. ಬಸಿರಿನಲ್ಲಿ ಹಾರ್ಮೋನು ಹಿಡಿದಿಟ್ಟ ಕೂದಲು ಹೆರಿಗೆಯಾಗಿ ಎರಡು-ನಾಲ್ಕು ತಿಂಗಳಿಗೆ ಉದುರಲು ಶುರುವಾಗುತ್ತದೆ. ಸಾಮಾನ್ಯವಾಗಿ ವರ್ಷದೊಳಗೆ ತಾನೇ ಬರುತ್ತದೆ. ಜನ ಮಾತ್ರೆ ಕೊಳ್ಳುವುದು ಉದುರುವುದು ಜೋರಾದಾಗ. ಆಮೇಲೆ ಕಮ್ಮಿಯಾದರೆ ಹೆಸರು ಡಬ್ಬಿಗೆ!

ಇಷ್ಟಕ್ಕೇ ಆಗಿದ್ದರೆ ಸುಮ್ನೆ ಇರುತ್ತಿದ್ದೆ. ನನ್ನ ತಕರಾರು ಬೇರೆ. ನಾನು ಲ್ಯಾಬ್ ಟೆಕ್ನಿಷಿಯನ್. ಥೈರಾಯ್ಡ್ ಟೆಸ್ಟಿನ ಎಷ್ಟೋ ಕಿಟ್‌ಗಳಲ್ಲಿ ಹಾರ್ಮೋನನ್ನು ಹಿಡಿಯಲು ಬಯೋಟಿನ್ನನ್ನೇ ಕೊಂಡಿಯಾಗಿ ಬಳಸಿರುತ್ತಾರೆ. ರಕ್ತದಲ್ಲೇ ಬಯೋಟಿನ್ ತುಂಬಿದ್ದರೆ ಕೊಂಡಿ ಕೂರುವ ಜಾಗ ಅದಕ್ಕೇ ಹೋಗುತ್ತದೆ. ಟಿಎಸ್‌ಎಚ್ (ಥೈರಾಯ್ಡಿಗೆ ಕೆಲಸ ಮಾಡು ಅನ್ನುವ ಹಾರ್ಮೋನು) ಸುಳ್ಳಾಗಿ ಕಮ್ಮಿ, ಟಿ4 (ಥೈರಾಯ್ಡ್ ಬಿಡುವ ಹಾರ್ಮೋನು) ಸುಳ್ಳಾಗಿ ಜಾಸ್ತಿ ಬರಬಹುದು, ಅಂದರೆ ಥೈರಾಯ್ಡ್ ಅತಿಯಾಗಿ ಕೆಲಸ ಮಾಡುತ್ತಿರುವ ಹಾಗೆ ಕಾಣುತ್ತದೆ. ಹೆರಿಗೆ ನಂತರ ಕೆಲವರಿಗೆ ನಿಜವಾಗಿಯೂ ಥೈರಾಯ್ಡ್ ಏರುಪೇರಾಗುತ್ತದೆ, ಶುರುವಿನಲ್ಲಿ ಅದರ ರಿಪೋರ್ಟೂ ಹೀಗೇ ಇರಬಹುದು. ಕೂದಲು ಉದುರುತ್ತದೆ ಅಂತ ಹೋದರೆ ಡಾಕ್ಟರು ಮೊದಲು ಬರೆಯುವುದೂ ಇದೇ ಟೆಸ್ಟು, ಅಲ್ವಾ?

ಹೃದಯಾಘಾತ ಪತ್ತೆ ಮಾಡುವ ಟ್ರೋಪೋನಿನ್ ಟೆಸ್ಟಿಗೂ ಇದೇ ಕಾಟ. ಬಯೋಟಿನ್‌ನಿಂದ ಟ್ರೋಪೋನಿನ್ ಕಮ್ಮಿ ತೋರಿಸಿ ಒಬ್ಬರು ಸತ್ತ ವರದಿ ಬಂದಿದೆ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರ ನವೆಂಬರ್‌ನಲ್ಲೇ ಎಚ್ಚರಿಸಿತ್ತು. ಈ ಡಬ್ಬಿ ಮೇಲೆ ಅದರ ಸುಳಿವೇ ಇಲ್ಲ.

ಥೈರಾಯ್ಡ್ ಟೆಸ್ಟಿಗೆ ಎರಡು ದಿನ ಮುಂಚೆಯಾದರೂ ನಿಲ್ಲಿಸಿ. ರಕ್ತ ತೆಗೆಯುವವರಿಗೆ, ಡಾಕ್ಟರಿಗೆ ಹೇಳಿ. 'ಏನಾದ್ರೂ ಮಾತ್ರೆ ತಗೋತೀರಾ' ಅಂದರೆ ಇದನ್ನು ಯಾರೂ ಹೇಳುವುದಿಲ್ಲ. ವಿಟಮಿನ್ ಅಂದರೆ ಮಾತ್ರೆ ಲೆಕ್ಕಕ್ಕೇ ಬರಲ್ಲ ನಮ್ಮ ಜನಕ್ಕೆ.

ಐದಕ್ಕೆ ಒಂದು ಸ್ಟಾರ್. ಅದೂ ಮುಚ್ಚಳಕ್ಕೆ. ಒತ್ತಿ ತಿರುಗಿಸಬೇಕು, ಮಕ್ಕಳ ಕೈಗೆ ಬಿಚ್ಚುವುದಿಲ್ಲ.