ಟಿವಿ ಜಾಹೀರಾತೋ, ರೀಲ್ಸ್ ಶಿಫಾರಸೋ?

ಮಗುವಿನ ಹಾಲಿಗೆ ಬೆರೆಸುವ ಪುಡಿ ಕೊಳ್ಳಬೇಕು. ಯಾರ ಮಾತು ಕೇಳುವುದು? ಟಿವಿ ಜಾಹೀರಾತು ಎಷ್ಟೇ ಉತ್ಪ್ರೇಕ್ಷೆ ಮಾಡಿದರೂ ತಾನು ಜಾಹೀರಾತು ಎಂಬುದನ್ನು ಮುಚ್ಚಿಡುವುದಿಲ್ಲ. ರೀಲ್ಸ್‌ನಲ್ಲಿ ಹಾಗಲ್ಲ. ಅಡುಗೆಮನೆಯಲ್ಲಿ ನಿಂತು ‘ನಮ್ಮ ಪುಟ್ಟನಿಗೂ ಇದೇ ಕೊಡೋದು’ ಎನ್ನುವ ಅಮ್ಮನ ಮಾತು ನೆರೆಮನೆಯವರ ಸಲಹೆಯಂತೆ ಕೇಳಿಸುತ್ತದೆ. ದುಡ್ಡು ಪಡೆದಿದ್ದರೆ ಎದ್ದು ಕಾಣುವಂತೆ ಹೇಳಬೇಕೆಂದು ಭಾರತೀಯ ಜಾಹೀರಾತು ಮಾನದಂಡ ಮಂಡಳಿ 2021ರಲ್ಲೇ ಮಾರ್ಗಸೂಚಿ ತಂದಿದೆ. ಆದರೂ ಆ ಸಾಲು ಹ್ಯಾಷ್‌ಟ್ಯಾಗ್‌ಗಳ ರಾಶಿಯಲ್ಲಿ ಹೂತುಹೋಗಿರುವುದುಂಟು. ಎರಡರಲ್ಲಿ ನನಗೆ ಹೆಚ್ಚು ಭಯ ರೀಲ್ಸ್‌ನದೇ.

ಎರಡನ್ನೂ ಬದಿಗಿಟ್ಟು ಡಬ್ಬಿಯ ಹಿಂಬದಿ ಓದಿ. ಪದಾರ್ಥಗಳನ್ನು ತೂಕದ ಇಳಿಕೆ ಕ್ರಮದಲ್ಲಿ ಬರೆದಿರುತ್ತಾರೆ. ಸಕ್ಕರೆ ಎರಡನೆಯ ಹೆಸರಾಗಿದ್ದರೆ ಮುಂಬದಿಯ ದೊಡ್ಡಕ್ಷರಕ್ಕೆ ಮರುಳಾಗಬೇಡಿ. ‘ಹೆಲ್ತ್ ಡ್ರಿಂಕ್’ಗೆ ನಮ್ಮ ಆಹಾರ ಕಾನೂನಿನಲ್ಲಿ ವ್ಯಾಖ್ಯೆಯೇ ಇಲ್ಲ, ಆ ವಿಭಾಗದಿಂದ ಇಂಥ ಪೇಯಗಳನ್ನು ತೆಗೆಯುವಂತೆ 2024ರಲ್ಲಿ ಕೇಂದ್ರ ಸರ್ಕಾರ ಇ-ಕಾಮರ್ಸ್ ತಾಣಗಳಿಗೆ ಸೂಚಿಸಿತು.