ಬಿದಿರಾ, ಲಂಟಾನಾ, ಬಾಳೆಪಟ್ಟೆಯಾ? ಮೂರರಲ್ಲೂ ಬುಟ್ಟಿ ಹೆಣೆದು ನೋಡಿದ ಮೇಲೆ

ಬುಟ್ಟಿ ಹೆಣೆಯಲು ಕಲಿಯಬೇಕು ಅಂತ ಹೊರಟರೆ ಮೊದಲ ಪ್ರಶ್ನೆಯೇ ಯಾವುದರಲ್ಲಿ ಅನ್ನುವುದು. ನಾನು ಬಿದಿರನ್ನು ಮೈಸೂರಿನಲ್ಲಿ ಬಿದಿರು ಕಸುಬಿನ ಮೇದಾರ ಹೆಂಗಸರ ಸಂಘವೊಂದರಲ್ಲಿ ಕಲಿತೆ, ಕಾಡಿನ ಕಳೆಗಿಡವಾದ ಲಂಟಾನವನ್ನು ಮಲೆ ಮಹದೇಶ್ವರ ಬೆಟ್ಟದ ಕಡೆ ಸೋಲಿಗರ ಜೊತೆ ಕೂತು, ಬಾಳೆಪಟ್ಟೆಯನ್ನು ಆನೆಗೊಂದಿಯಲ್ಲಿ. ಯಾವುದು ಸುಲಭ ಅಂತ ಎಲ್ಲರೂ ಕೇಳುತ್ತಾರೆ. ಹೆಣೆಯುವ ಕೆಲಸ ಮೂರರಲ್ಲೂ ಹೆಚ್ಚುಕಮ್ಮಿ ಒಂದೇ, ಒಂದು ಎಳೆ ಮೇಲೆ, ಒಂದು ಎಳೆ ಕೆಳಗೆ. ವ್ಯತ್ಯಾಸ ಇರುವುದೆಲ್ಲ ಅದಕ್ಕೂ ಮುಂಚೆ, ಎಳೆ ತಯಾರು ಮಾಡುವಾಗ. ಅದನ್ನು ಕಲಿಸದ ಕಡೆ ಹೋಗಬೇಡಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಬೆಂಗಳೂರಿನಲ್ಲಿ ಒಂದು ವಾರಾಂತ್ಯದ ತರಗತಿಗೂ ಹೋಗಿದ್ದೆ. ನೆನೆಸಿಟ್ಟ ಬೆತ್ತದ ಕಟ್ಟು ಕೈಗೆ ಕೊಟ್ಟರು, ಸಂಜೆಗೆ ಚೆಂದದ ಬುಟ್ಟಿಯೂ ಆಯಿತು. ಆದರೆ ಮನೆಗೆ ಬಂದು ಇನ್ನೊಂದು ಮಾಡೋಣ ಅಂದರೆ ಬೆತ್ತ ಎಲ್ಲಿಂದ ತರುವುದು, ಹೇಗೆ ಸೀಳುವುದು, ಒಂದೂ ಗೊತ್ತಿಲ್ಲ. ಮತ್ತೆ ಅವರ ಹತ್ತಿರವೇ ಕಟ್ಟು ಕೊಳ್ಳಬೇಕು. ಇದು ನನಗೆ ಇಷ್ಟವಾಗಲಿಲ್ಲ.

ಬಿದಿರಿನಲ್ಲಿ ಹಾಗಲ್ಲ. ಸಂಘದ ಅಕ್ಕ ಮೊದಲು ಕೈಗೆ ಕೊಟ್ಟದ್ದು ಮಚ್ಚು. ಗಳದ ತುದಿಗೆ ಮಚ್ಚಿನ ಬಾಯಿ ಇಟ್ಟು ಒಂದು ಏಟು ಹಾಕಿದರೆ ಆಯಿತು, ಆಮೇಲೆ ಹೊಡೆಯುವ ಹಾಗಿಲ್ಲ, ಮಚ್ಚನ್ನು ತಿರುಚುತ್ತಾ ತಳ್ಳಬೇಕು, ಗೆಣ್ಣು ಬಂದಾಗ ಟಪ್ ಅಂತ ಸದ್ದು ಮಾಡಿ ಬಿಟ್ಟುಕೊಳ್ಳುತ್ತದೆ. ನಿಜವಾದ ಕೈಚಳಕ ಬೇಕಾಗುವುದು ತೆಳ್ಳಗೆ ಸೀಳುವಾಗ. ಸೀಳು ಒಂದು ಪಕ್ಕಕ್ಕೆ ಓಡಿ ಎಳೆ ತೆಳುವಾಗುತ್ತಾ ಬಂದರೆ, ದಪ್ಪಗಿರುವ ಪಕ್ಕವನ್ನು ಜಾಸ್ತಿ ಬಗ್ಗಿಸಿ ಎಳೆಯಬೇಕು. ಆಗ ಸೀಳು ತಾನಾಗಿ ನಡುವಿಗೆ ಬರುತ್ತದೆ. "ಕಣ್ಣಲ್ಲಿ ನೋಡಬೇಡಮ್ಮ, ಬೆರಳಿಗೆ ಗೊತ್ತಾಗುತ್ತೆ" ಅನ್ನುತ್ತಿದ್ದರು ಅಕ್ಕ. ಅದು ಬೆರಳಿಗೆ ಗೊತ್ತಾದ ದಿನ ನನಗಾದ ಖುಷಿ ಅಷ್ಟಿಷ್ಟಲ್ಲ.

ಹೊರಮೈಯ ಹಸಿರು ಪದರ ಗಟ್ಟಿ, ಮಣ್ಣು ಗೊಬ್ಬರ ಹೊರುವ ಬುಟ್ಟಿಗೆ ಅದೇ ಬೇಕು. ಒಳಗಿನ ಪದರ ಮೆತ್ತಗೆ, ಹಬ್ಬಕ್ಕೆ ಹಣ್ಣು ಇಡುವ ಬುಟ್ಟಿಗೆ ಸಾಕು. ಬುಡದಿಂದ ಮೇಲೆದ್ದ ಕಡ್ಡಿಗಳ ಲೆಕ್ಕ ಬೆಸವಾಗಿರಬೇಕು. ಸಮ ಇದ್ದರೆ ಒಂದು ಸುತ್ತು ಬಂದ ಎಳೆ ಹಿಂದಿನ ಸುತ್ತಿನ ಹಾಗೆಯೇ ಹೋಗುತ್ತದೆ, ಹೆಣಿಗೆ ಕಚ್ಚಿಕೊಳ್ಳುವುದೇ ಇಲ್ಲ. ಅದಕ್ಕೇ ಒಂದು ಕಡ್ಡಿಯನ್ನು ಸೀಳಿ ಎರಡು ಮಾಡಿಬಿಡುತ್ತಾರೆ. ಎಷ್ಟು ಸರಳ ಅಲ್ವಾ? ಸಂಘದ ಕೋಣೆಯಲ್ಲಿ ಮೇದಾರ ಕೇತಯ್ಯನವರ ಪಟ ಇದೆ. 12ನೇ ಶತಮಾನದ ಆ ಶರಣರ ಕಾಯಕವೂ ಇದೇ.

ಕಷ್ಟಗಳೂ ಇವೆ. ಸಿಬಿರು ಚುಚ್ಚುತ್ತದೆ, ಎಳೆಯ ಅಂಚು ಬ್ಲೇಡಿನ ಹಾಗೆ ಕೊಯ್ಯುತ್ತದೆ. ನೆಲದ ಮೇಲೆ ಕೂತು ಕಾಲಲ್ಲಿ ಒತ್ತಿ ಹಿಡಿಯಬೇಕು, ಮಂಡಿ ನೋವಿದ್ದವರಿಗೆ ಆಗದು. ಬಲಿಯದ ಬಿದಿರಲ್ಲಿ ಮಾಡಿದರೆ ಹುಳು ಬಿದ್ದು ಪುಡಿ ಉದುರುತ್ತದೆ. ಬಲಿತದ್ದೇ ಆಗಬೇಕು.

ಲಂಟಾನದ ಕಥೆ ಬೇರೆ. 2024ರಲ್ಲಿ ಲಾಲ್‌ಬಾಗ್‌ನಲ್ಲಿ ನಿಲ್ಲಿಸಿದ್ದ ದೊಡ್ಡ ಆನೆಗಳು ನೆನಪಿವೆಯಲ್ವಾ, ಅವು ಇದೇ ಕಡ್ಡಿಯವು. ಬ್ರಿಟಿಷರ ಕಾಲದಲ್ಲಿ ಅಂದಕ್ಕೆಂದು ಬಂದ ಗಿಡ, ಈಗ ಬಂಡೀಪುರದಲ್ಲೂ ಬಿಳಿಗಿರಿರಂಗನ ಬೆಟ್ಟದಲ್ಲೂ ಜಿಂಕೆ ಆನೆಗಳಿಗೆ ಹುಲ್ಲು ಬೆಳೆಯಲು ಜಾಗ ಬಿಡದೆ ಹಬ್ಬಿದೆ. ಅದನ್ನು ಕಡಿದು ಮಾಡಿದ ಬುಟ್ಟಿ ಅನ್ನುವ ಸಮಾಧಾನ ದೊಡ್ಡದು. ಕಡ್ಡಿಯನ್ನು ನೀರಲ್ಲಿ ಗಂಟೆಗಟ್ಟಲೆ ಬೇಯಿಸಿ, ಬಿಸಿ ಆರುವ ಮುಂಚೆ ಸಿಪ್ಪೆ ಸುಲಿಯಬೇಕು. ಆಗ ಎಲ್ಲಿ ಬೇಕಾದರೂ ಬಗ್ಗುತ್ತದೆ, ಒಣಗಿದ ಮೇಲೆ ಬೆತ್ತದಷ್ಟೇ ಗಟ್ಟಿ. ಆದರೆ ದೊಡ್ಡ ಪಾತ್ರೆ, ಸೌದೆ, ಅಂಗಳ ಬೇಕು. ಅಪಾರ್ಟ್‌ಮೆಂಟಿನಲ್ಲಿ ಆಗುವ ಮಾತಲ್ಲ. ದುಂಡು ಕಡ್ಡಿಯಾದ್ದರಿಂದ ನವಿರಾದ ಹೆಣಿಗೆಯೂ ಬರುವುದಿಲ್ಲ. ಕುರ್ಚಿ, ಸ್ಟೂಲು, ಬಟ್ಟೆ ತುಂಬುವ ದೊಡ್ಡ ಬುಟ್ಟಿ ಮಾಡುವ ಆಸೆ ಇದ್ದವರಿಗೆ ಮಾತ್ರ ಇದನ್ನು ಹೇಳುತ್ತೇನೆ.

ಬಾಳೆಪಟ್ಟೆ ಮೂರರಲ್ಲಿ ಬಲು ಸುಲಭ. ಹೂ ಕಟ್ಟುವ ಬಾಳೆನಾರು ಗೊತ್ತಿರುವ ಕೈಗೆ ಇದು ಹೊಸದೇ ಅಲ್ಲ. ಗೊನೆ ಕಡಿದ ಮೇಲೆ ಹೇಗೂ ಉರುಳಿಸುವ ಗಿಡ, ಅದರ ಪಟ್ಟೆ ಬಿಡಿಸಿ ಒಣಗಿಸಿ, ಸೀಳಿ, ಹುರಿ ಹೊಸೆದು ಹೆಣೆಯುತ್ತಾರೆ. ಮಚ್ಚು ಬೇಡ, ಮಕ್ಕಳನ್ನೂ ಕೂರಿಸಿಕೊಳ್ಳಬಹುದು. ಆದರೆ ನೀರು ತಾಗುವ ಕಡೆ ಇಡುವ ಹಾಗಿಲ್ಲ, ಮಳೆಗಾಲದಲ್ಲಿ ಬೂಸ್ಟು ಹಿಡಿಯುತ್ತದೆ. ಭಾರವನ್ನೂ ತಡೆಯದು.

ನನ್ನ ಮಟ್ಟಿಗೆ ಬಿದಿರೇ. ಒಮ್ಮೆ ಸೀಳುವುದು ಬಂದರೆ ಬುಟ್ಟಿ, ಮೊರ, ತಟ್ಟಿ ಯಾವುದಕ್ಕೂ ಯಾರ ಹಂಗೂ ಇಲ್ಲ. ಮಕ್ಕಳ ಜೊತೆ ಬೇಸಿಗೆ ರಜೆಯಲ್ಲಿ ಸುಮ್ನೆ ಕಲಿಯೋಣ ಅಂದರೆ ಬಾಳೆಪಟ್ಟೆ ಸಾಕು.

ಮೇದಾರರ ಹತ್ತಿರ ಕಲಿಯಲು ಹೋಗುವವರು ಗೌರಿ ಹಬ್ಬದ ಹಿಂದಿನ ವಾರಗಳಲ್ಲಿ ಹೋಗಬೇಡಿ. ಬಾಗಿನದ ಮೊರ ಮಾಡುವ ಹೊತ್ತು ಅದು, ಅವರಿಗೆ ತಲೆ ಎತ್ತಲೂ ಪುರುಸೊತ್ತಿರುವುದಿಲ್ಲ. ದೀಪಾವಳಿ ಕಳೆದ ಮೇಲೆ ಹೋಗಿ. ಕಲಿಸಿದ್ದಕ್ಕೆ ಅವರ ದಿನದ ದುಡಿಮೆ ಲೆಕ್ಕ ಹಾಕಿ ದುಡ್ಡು ಕೊಡಿ, ಚೌಕಾಸಿ ಬೇಡ. ಕಲಿಯುವವರು ಹಾಳು ಮಾಡುವ ಒಂದೊಂದು ಗಳವೂ ಅವರು ದುಡ್ಡು ಕೊಟ್ಟು ತಂದದ್ದು. ನಿಮ್ಮ ತೋಟದಲ್ಲಿ ಬಿದಿರು ಮೆಳೆ ಇದ್ದರೆ ಇನ್ನೂ ಒಳ್ಳೆಯದು. 2017ರ ತಿದ್ದುಪಡಿ ಆದಮೇಲೆ ಕಾಡಿನ ಹೊರಗೆ ಬೆಳೆದ ಬಿದಿರು ಕೇಂದ್ರದ ಅರಣ್ಯ ಕಾಯ್ದೆಯಲ್ಲಿ ಮರದ ಲೆಕ್ಕಕ್ಕೆ ಬರುವುದಿಲ್ಲ. ಬಲಿತ ಗಳ ನಾಲ್ಕು ಕಡಿದುಕೊಂಡೇ ಹೋಗಿ.