ಕಬ್ಬಿನ ಗದ್ದೆಗೆ ಲೋರಾ ಕಿಟ್: ನಾಲ್ಕು ತಿಂಗಳ ಬಳಕೆ

ಮಂಡ್ಯದ ಹತ್ತಿರ, ವಿ.ಸಿ. ನಾಲೆ ಬಯಲಿನಲ್ಲಿ ನಮ್ಮದು ಎರಡು ಎಕರೆ ಕಬ್ಬು. ಪಂಪ್‌ಸೆಟ್ ಕೇಬಲ್ ಎರಡು ಸಲ ಕಳುವಾಗಿದೆ. ಅದಕ್ಕೇ ಮೈಸೂರಿನ ಒಂದು ಅಂಗಡಿಯಿಂದ ಈ ಕಿಟ್ ತಂದೆ. ಲೋರಾ ಅಂದರೆ ಚಿಕ್ಕ ಸಂದೇಶಗಳನ್ನು ಕಡಿಮೆ ಕರೆಂಟಿನಲ್ಲಿ ದೂರಕ್ಕೆ ಕಳಿಸುವ ರೇಡಿಯೊ ವಿಧಾನ. ಮಣ್ಣಿನ ತೇವ ಅಳೆಯೋಕೆ ಎರಡು ಸೆನ್ಸರ್, ಪಂಪ್ ಆನ್ ಆಯ್ತಾ ಆಫ್ ಆಯ್ತಾ ಅಂತ ಹೇಳೋಕೆ ಒಂದು ಡಬ್ಬಿ, ಆ ಸಂದೇಶ ಹಿಡಿಯೋಕೆ ಮನೆ ತಾರಸಿಗೆ ಒಂದು ಗೇಟ್‌ವೇ. ‘ಇದರ ಸಿಗ್ನಲ್ ಗಾಳಿಯಲ್ಲಿ ಇದೆ ಅಂತಲೇ ಯಾರಿಗೂ ಗೊತ್ತಾಗಲ್ಲ’ ಅಂತ ಅಂಗಡಿಯವರು ಅಂದಿದ್ದರು.

ಕೆಲಸದಲ್ಲಿ ದೂರಿಲ್ಲ. ಕಬ್ಬು ಆಳೆತ್ತರ ಬೆಳೆದ ಮೇಲೂ ಒಂದೂವರೆ ಕಿಲೋಮೀಟರ್ ದೂರದ ಮನೆಗೆ ಸಂದೇಶ ಬರುತ್ತಿದೆ. 865ರಿಂದ 867 ಮೆಗಾಹರ್ಟ್ಸ್ ಪಟ್ಟಿಯಾದ್ದರಿಂದ ಲೈಸೆನ್ಸ್ ಗೊಡವೆಯೂ ಇಲ್ಲ.

ಆದರೆ ಅಂಗಡಿಯವರ ಆ ಮಾತನ್ನು ಪರೀಕ್ಷೆ ಮಾಡಲೇಬೇಕು ಅನ್ನಿಸಿತು. ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ (ಗಾಳಿಯಲ್ಲಿರುವ ರೇಡಿಯೊ ಸಿಗ್ನಲ್ ಪರದೆ ಮೇಲೆ ತೋರಿಸುವ ಪುಟ್ಟ ರಿಸೀವರ್) ಅನ್ನು ಲ್ಯಾಪ್‌ಟಾಪ್‌ಗೆ ಸಿಕ್ಕಿಸಿ ಬದುವಿನ ಮೇಲೆ ಕೂತೆ. ಹತ್ತು ಅಡಿ ದೂರದಲ್ಲಿ ಪರದೆ ತುಂಬಾ ಓರೆ ಗೆರೆಗಳು, ಬಾಚಣಿಗೆ ಹಲ್ಲಿನ ಹಾಗೆ ಸಾಲಾಗಿ. ನಾಲೆ ಏರಿ ಹಿಡಿದು ನಡೆಯುತ್ತಾ ಹೋದೆ, ಗೆರೆಗಳು ಮಸುಕಾಗಿ ಕೊನೆಗೆ ಬರೀ ಮರಳು ಎರಚಿದಂಥ ಗದ್ದಲ, ಅಂದರೆ ಅರ್ಥವಿಲ್ಲದ ರೇಡಿಯೊ ಸದ್ದು, ಉಳಿಯಿತು. ಅದೇ ಹೊತ್ತಿಗೆ ಮನೆಯ ಗೇಟ್‌ವೇಗೆ ಸಂದೇಶ ತಲುಪಿತ್ತು! ಲೋರಾದ ನಿಧಾನದ ಸೆಟ್ಟಿಂಗ್ ಎಸ್‌ಎಫ್12ರಲ್ಲಿ ಸಿಗ್ನಲ್ಲಿಗಿಂತ ಗದ್ದಲ ನೂರು ಪಟ್ಟು ಜಾಸ್ತಿ ಇದ್ದರೂ, ಅಂದರೆ 20 ಡೆಸಿಬಲ್ ಕೆಳಗಿದ್ದರೂ, ಸಂದೇಶ ಹೆಕ್ಕಿ ತೆಗೆಯಬಹುದು. ಅಲೆಯ ಆಕಾರ ಮೊದಲೇ ಗೊತ್ತಿರುವುದರಿಂದ ಸಾಧ್ಯ.

ತೊಂದರೆಯೂ ಅಲ್ಲೇ ಇದೆ. ಆ ಆಕಾರ ಗುಟ್ಟೇನಲ್ಲ, ಎಲ್ಲ ಲೋರಾ ಚಿಪ್‌ಗೂ ಗೊತ್ತು. ನನ್ನ ತಮ್ಮ ಒಂದು ಸಾದಾ ಲೋರಾ ಬೋರ್ಡ್ ಹಿಡಿದು ಏರಿ ಮೇಲೆ ಕೂತ, ನಾನು ಪಂಪ್ ಹಾಕುತ್ತಾ ತೆಗೆಯುತ್ತಾ ಇದ್ದೆ. ಎಇಎಸ್-128 ಎಂಬ ಗೂಢಲಿಪಿಯ ಬೀಗ ಇರುವುದರಿಂದ ಒಳಗಿನ ಮಾತು ಅವನಿಗೆ ಸಿಗಲಿಲ್ಲ. ಆದರೆ ಸಾಧನದ ವಿಳಾಸ ಬಿಚ್ಚಿಟ್ಟೇ ಹೋಗುತ್ತದೆ, ಪಂಪ್ ಮುಟ್ಟಿದ ತಕ್ಷಣ ಒಂದು ಸಂದೇಶ ಹಾರುತ್ತದೆ. ಆರು ಸಲ ಮುಟ್ಟಿದೆ, ಆರೂ ಸಲ ಸರಿಯಾಗಿ ಹೇಳಿದ. ಗದ್ದೆಯಲ್ಲಿ ಯಾರಾದರೂ ಇದ್ದಾರಾ ಇಲ್ಲವಾ ಅಂತ ಕಳ್ಳನಿಗೆ ತಿಳಿಯೋಕೆ ಅಷ್ಟು ಸಾಲದೇ?

ಸಿಗ್ನಲ್ ಇದ್ದದ್ದೇ ಯಾರಿಗೂ ತಿಳಿಯದ ಹಾಗೆ ಸಂದೇಶ ಕಳಿಸುವುದು ಬೇರೆಯೇ ವಿದ್ಯೆ. ಅದಕ್ಕೊಂದು ಮಿತಿ ಇದೆ ಅಂತ 2013ರಲ್ಲಿ ಬ್ಯಾಶ್, ಗೋಕೆಲ್, ಟೌಸ್ಲಿ ಎಂಬ ಸಂಶೋಧಕರು ಗಣಿತದಲ್ಲಿ ತೋರಿಸಿದ್ದಾರೆ: ನೂರು ಪಟ್ಟು ಹೊತ್ತು ತಗೊಂಡರೆ ಹತ್ತು ಪಟ್ಟು ಮಾತ್ರ ಜಾಸ್ತಿ ಮಾಹಿತಿ ಅಡಗಿಸಿ ಕಳಿಸಬಹುದು. ಈ ಕಿಟ್ ಆ ದಾರಿಯಲ್ಲೇ ಇಲ್ಲ. ಇಲ್ಲದ್ದನ್ನು ಇದೆ ಅಂತ ರೈತರಿಗೆ ಮಾರಬಾರದು.

ನಾನು ಸೆಟ್ಟಿಂಗ್‌ನಲ್ಲಿ ‘ತಕ್ಷಣದ ಸೂಚನೆ’ ತೆಗೆದು, ಹದಿನೈದು ನಿಮಿಷಕ್ಕೊಂದು ಒಂದೇ ಉದ್ದದ ಸಂದೇಶ ಹೋಗುವಂತೆ ಮಾಡಿದೆ. ಈಗ ಪಂಪ್ ನಿಂತರೆ ನನಗೂ ತಡವಾಗಿ ಗೊತ್ತಾಗುತ್ತದೆ, ಆದರೆ ಪಂಪ್ ಯಾವಾಗ ಮುಟ್ಟಿದೆ ಅಂತ ತಮ್ಮನಿಗೆ ಹೇಳೋಕಾಗಲಿಲ್ಲ. ನೀರಿನ ಲೆಕ್ಕಕ್ಕಾದರೆ ಧೈರ್ಯವಾಗಿ ತಗೊಳ್ಳಿ. ಡಬ್ಬಿಯ ರಬ್ಬರ್ ಮಾತ್ರ ಸಡಿಲ, ಒಳಗೆ ಇರುವೆ ಸೇರುತ್ತವೆ. ಸಿಲಿಕಾನ್ ಹಚ್ಚಿಯೇ ಕಂಬಕ್ಕೆ ಕಟ್ಟಿ.